ಹಗಲಿನ ಕಾಗದ, ರಾತ್ರಿಯ ಕಾಗದ

ಕಾರವಾರ ಬಸ್ ನಿಲ್ದಾಣದ ಮಾಳಿಗೆಯ ಮೇಲೆ
ನಮ್ಮದೊಂದು ಪೆಟ್ಟಿಗೆ ಗುಂಯ್‌ಗುಡುತ್ತಿದೆ.
ಅದರ ಬಾಯಲ್ಲಿ ಅಂಗೈಯಗಲದ ಬಿಳಿ ಕಾಗದ.
ಊರು ಉಸಿರಾಡುವುದನ್ನೇ ಅದೂ ಉಸಿರಾಡುತ್ತದೆ,
ಆದರೆ ಲೆಕ್ಕ ಇಡುತ್ತದೆ.

ಪ್ಲಗ್ಗು ಕೊಟ್ಟವರು ಕಂಟ್ರೋಲರ್ ದತ್ತಾರಾಮ ಪೆಡ್ನೇಕರ.
ಮೊದಲ ದಿನ ಕೇಳಿದರು, 'ಕರೆಂಟ್ ಬಿಲ್ಲು ಯಾರದ್ದು?'
ಎರಡನೆಯ ದಿನ, 'ಇದರಲ್ಲಿ ಏನು ಸಿಗುತ್ತದೆ?'
ಮೂರನೆಯ ದಿನದಿಂದ ಏನೂ ಕೇಳದೆ
ಏಣಿ ಹಿಡಿದು ನಿಲ್ಲುತ್ತಾರೆ, ಮೂಗಿಗೆ ಕರವಸ್ತ್ರ ಕಟ್ಟಿ.
ಕಾಗದದ ಬಣ್ಣ ನೋಡಿದ ಮೇಲೆ ಶುರುವಾದ ಅಭ್ಯಾಸ.

ಬೆಳಿಗ್ಗೆ ಆರಕ್ಕೊಂದು, ಸಂಜೆ ಆರಕ್ಕೊಂದು.
ಹಗಲಿನದು ಕಡಲ ಗಾಳಿಯ ಕಾಗದ.
ರಾತ್ರಿಯದು ಗುಡ್ಡದಿಂದ ಇಳಿಯುವ ಗಾಳಿಯದು,
ಹೆದ್ದಾರಿ ದಾಟಿ, ಲಾರಿಗಳ ಬಾಲ ಹಿಡಿದು,
ಸಂತೆ ಮುಗಿದ ಮೇಲೆ ಯಾರೋ ಸುಡುವ
ಪ್ಲಾಸ್ಟಿಕ್ಕಿನ ಮೇಲೆ ಹಾದು ಬಂದದ್ದು.
ತಕ್ಕಡಿಯಲ್ಲಿಟ್ಟರೆ ಹಗಲಿನದೇ ಭಾರ.
ಭಾರವೆಲ್ಲ ಉಪ್ಪು,
ಬಾಗಿಲ ಕೊಂಡಿ ತಿನ್ನುವ ಉಪ್ಪು,
ನನ್ನಜ್ಜಿಯ ತುಟಿಯ ಮೇಲೆ ಸದಾ ಇದ್ದ ಉಪ್ಪು.
ಹಗುರಾದ ಕಾಗದವನ್ನು ಬೇರೆ ಕವರಿನಲ್ಲಿಟ್ಟೆ.

ಪ್ರಯೋಗಾಲಯ ಕೋಡಿಬಾಗದಲ್ಲಿ,
ಕೆಳಗೆ ಝೆರಾಕ್ಸ್ ಅಂಗಡಿ, ಮೇಲೆ ನಾವು.
ನಮ್ಮ ಬ್ಯಾಕ್ಟೀರಿಯಾ ಬಡಪಾಯಿಗಳು:
ತಮ್ಮ ಅನ್ನ ತಾವೇ ಬೇಯಿಸಿಕೊಳ್ಳುವ ವಿದ್ಯೆಯಲ್ಲಿ
ಒಂದಕ್ಷರ ಕೆಡಿಸಿ ಕಳಿಸಿದ್ದಾರೆ.
ಉಣಿಸಿದರೆ ಉಂಟು, ಇಲ್ಲವಾದರೆ ಮಲಗಿದಲ್ಲೇ.
ಅವಕ್ಕೆ ಕಾಗದದ ಕಷಾಯ ಹನಿಸುತ್ತೇನೆ,
ಜೊತೆಗೊಂದಿಷ್ಟು ಇಲಿಯ ಲಿವರಿನ ರಸ.

ಇಲಿಯ ಲಿವರ್ ಯಾಕೆ ಅಂದರೆ
(ದತ್ತಾರಾಮರಿಗೆ ಹೇಳಲು ಎರಡು ಚಹಾ ಬೇಕಾಯಿತು)
ಹೊಗೆಯ ಕೆಲವು ಕಣ ತಾನಾಗಿ ಏನೂ ಮಾಡುವುದಿಲ್ಲ.
ಲಿವರ್ ಅದನ್ನು ಕಂಡು,
ಜಿಡ್ಡುಪಾತ್ರೆ ಕಂಡ ನನ್ನ ಅತ್ತೆಯ ಹಾಗೆ,
ಉಜ್ಜಲು ಕೂರುತ್ತದೆ.
ಉಜ್ಜಿದಷ್ಟೂ ಅಂಚು ಹರಿತ.
ಕೈ ಕುಯ್ಯುವುದು ಆಗ.
'ಅಂದರೆ ತಪ್ಪು ಯಾರದ್ದು?' ಎಂದರು,
ಬಿಲ್ಲು ಕೇಳಿದ ಅದೇ ದನಿಯಲ್ಲಿ.

ಎರಡು ದಿನ, ಮೂವತ್ತೇಳು ಡಿಗ್ರಿ,
ಜ್ವರವಿಲ್ಲದ ಮೈಯ ಬಿಸಿ.
ಮೂರನೆಯ ಬೆಳಿಗ್ಗೆ ತಟ್ಟೆಯನ್ನು ಬೆಳಕಿಗೆ ಹಿಡಿದರೆ
ಸಾಬಕ್ಕಿಯಂಥ ಚುಕ್ಕಿಗಳು:
ಕೆಟ್ಟ ಅಕ್ಷರ ಮತ್ತೆ ಕೆಟ್ಟು ಸರಿಯಾದವು,
ಬೇಯಿಸಿಕೊಂಡು ಉಂಡವು.
ಎಂಥ ಹಬ್ಬ, ಅವುಗಳ ಕಡೆಯಿಂದ ನೋಡಿದರೆ!
ಒಂದೊಂದರ ತಲೆಗೂ ಸ್ಕೆಚ್ ಪೆನ್ನಿನ ಬೊಟ್ಟಿಟ್ಟು ಎಣಿಸುತ್ತೇನೆ.
ಹಗಲಿನ ಕಾಗದ, ಮೂವತ್ತೊಂದು.
ರಾತ್ರಿಯದು, ನೂರ ಹದಿನಾಲ್ಕು.
ಏನೂ ಹಾಕದ ತಟ್ಟೆ, ಇಪ್ಪತ್ತೇಳು.

ಈ ಇಪ್ಪತ್ತೇಳೇ ನನ್ನ ನಿದ್ದೆ ಕೆಡಿಸುವುದು.
ಹೊಗೆಯಿಲ್ಲ, ಲಾರಿಯಿಲ್ಲ,
ಸುಮ್ಮನೆ, ನಕಲು ಬರೆಯುವಾಗ ಕೈತಪ್ಪಿ.

ಮೀನಿನ ಬುಟ್ಟಿ ಹೊತ್ತು ಮೂವತ್ತು ವರ್ಷ
ಇದೇ ನಿಲ್ದಾಣದಲ್ಲಿ ಮೊದಲ ಬಸ್ಸಿಗೆ ಕಾದ ಶೆವಂತಿ ಹರಿಕಂತ್ರ
ಈಗ ಕುತ್ತಿಗೆಯ ಗಂಟು ಹೊತ್ತು ಮಣಿಪಾಲದ ಬಸ್ಸಿಗೆ ಕಾಯುತ್ತಾಳೆ.
ಏಣಿಯ ಮೇಲಿದ್ದ ನನ್ನನ್ನು ನೋಡಿ ಕೂಗಿದಳು:
'ಕಿತೆಂ ಮೆಳ್ಳೆಂ ಗೋ?'
ಏನು ಸಿಕ್ಕಿತೆಂದು ಹೇಳಲಿ?
ಅವಳ ಗಂಟು ಆ ಇಪ್ಪತ್ತೇಳರದೋ, ನೂರ ಹದಿನಾಲ್ಕರದೋ,
ನನ್ನ ತಟ್ಟೆಗೆ ಗೊತ್ತಿಲ್ಲ.
ಅದು ಶೆವಂತಿಯನ್ನು ಎಣಿಸುವುದಿಲ್ಲ.
'ಧೂಳು' ಎಂದೆ.
'ಅದು ನನಗೂ ಗೊತ್ತಿತ್ತು' ಎಂದು
ಕಂಡಕ್ಟರಿಗೆ ತೋರಿಸಲು ಆಧಾರ್ ಕಾರ್ಡು ಹುಡುಕತೊಡಗಿದಳು.

ಎಣಿಸಿ ಮುಗಿದ ತಟ್ಟೆಗಳನ್ನು
ದೊಡ್ಡ ಕುಕ್ಕರಿನಂಥದ್ದಕ್ಕೆ ಹಾಕಿ ಮುಚ್ಚುತ್ತೇನೆ.
ಹದಿನೈದು ನಿಮಿಷ. ಬದುಕಲು ಕಲಿತವು, ಕಲಿಯದವು,
ಎಲ್ಲ ಒಂದೇ ಗಂಜಿ.
ಕೆಳಗೆ ಝೆರಾಕ್ಸ್ ಯಂತ್ರ ಯಾರದೋ ಜಾತಕದ ನಕಲು ತೆಗೆಯುತ್ತಿರುತ್ತದೆ,
ಒಂದು ಮೂಲೆ ಮಸುಕಾಗಿ.

ಸಂಜೆ ಆರು. ಹೊಸ ಕಾಗದ.
ಏಣಿ ಬಿಟ್ಟು ಒಳಗೋಡಿದ ದತ್ತಾರಾಮ
ಕರವಸ್ತ್ರ ಕೆಳಗೆಳೆದು, ಮೈಕಿಗೆ ಎರಡು ಸಲ ಊದಿ,
ಅಂಕೋಲಾ, ಕುಮಟಾ, ಹೊನ್ನಾವರ ಎನ್ನುತ್ತಾರೆ.
ನಾನು ಮೇಲೆಯೇ ಇದ್ದೇನೆ, ಪೆಟ್ಟಿಗೆ ಹಿಡಿದುಕೊಂಡು.
ಗಾಳಿ ಇನ್ನೂ ತಿರುಗಿಲ್ಲ.